ಗಿರಣಿ ಊರು ಇಲ್ಲವಾದ ವರ್ಷ

ಖಾಸಬಾಗ, ಬೆಳಗಾವಿ
೧೬ ಜನವರಿ ೨೦೨೪

ಚಿ. ಸುಹಾಸಿನಿಗೆ ಅಪ್ಪನ ಆಶೀರ್ವಾದಗಳು. ಜೈ ಜಿನೇಂದ್ರ.

ಕಾಗದದ ಮೇಲೆ ನನ್ನ ಅಕ್ಷರ ಕಂಡು ನಿನಗೆ ಆಶ್ಚರ್ಯವಾಗಬಹುದು. ಸಾಲಿ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ನೀನು ಅಂಚೆಯಲ್ಲಿ ಕಳಿಸಿದ್ದ ಲಗ್ನಪತ್ರಿಕೆಯಲ್ಲಿ ಖಾನಾಪುರದ ವಿಳಾಸವಿತ್ತು. ಅದಕ್ಕೇ ಹಾಕುತ್ತಿದ್ದೇನೆ.

ನಮ್ಮ ಕಂಪ್ಯೂಟರ್ ಆಟದೊಳಗಿನ ಅಂಚೆಪೆಟ್ಟಿಗೆಗೆ ಎರಡು ಪತ್ರ ಹಾಕಿದ್ದೆ. ಮೂವತ್ತು ದಿನ ಯಾರೂ ಒಡೆಯದಿದ್ದರೆ ಅಲ್ಲಿ ಪತ್ರ ತಾನಾಗಿಯೇ ಮರಳುತ್ತದೆ. ಎರಡೂ ಮರಳಿದವು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಮದುವೆಯಾದ ವಾರ ನೀನು ಆಶೀರ್ವಾದ ಬೇಡಲು ನಮ್ಮ ಹೊಸಿಲಲ್ಲಿ ಬಂದು ನಿಂತಾಗ, ಪಡಸಾಲೆಯಲ್ಲಿ ಸಮಾಜದ ಹಿರಿಯರೆಲ್ಲ ಕೂತಿರುವಾಗ, "ಇನ್ನ ಮುಂದ ನಿನ್ನ ದನಿ ನನ್ನ ಕಿವಿಗಿ ಬೀಳಬಾರದು" ಎಂದವನು ನಾನು. ಮೂರು ವರ್ಷವಾಯಿತು. ಬರೆಯಬಾರದು ಎಂದು ಮಾತ್ರ ನಾನು ಅಂದಿರಲಿಲ್ಲ.

ಆ ಸಂದಿಯಲ್ಲೇ ಅಲ್ಲವೇ ನಾವು ಇಷ್ಟು ದಿನ ಬದುಕಿದ್ದು. ಲಾಕ್‌ಡೌನಿನಲ್ಲಿ ಎರಡನೇ ಸಲ ಫೌಂಡ್ರಿ ಮುಚ್ಚಿತ್ತು. ಹೊತ್ತು ಹೋಗದೆ ಕಂಪ್ಯೂಟರ್ ಹಚ್ಚಿ ನಮ್ಮ ಆಟದ ಲೋಕ ನೋರ್ವಾಲಾದೊಳಗೆ ಹೋದರೆ, ಗಾಳಿಗಿರಣಿಯ ಕೆಳಗೆ ನೀನು ನಿಂತಿದ್ದೆ. ನಾನು ಏನೂ ಕೇಳಲಿಲ್ಲ. ನೀನೂ ಏನೂ ಹೇಳಲಿಲ್ಲ. "ಹೋಗೂಣೇನು?" ಎಂದಷ್ಟೇ ನಾನು ಬರೆದೆ. ಹೋದೆವು. ಅಂದಿನಿಂದ ಎರಡೂವರೆ ವರ್ಷ, ಮಂಗಳವಾರ ಮತ್ತು ಶುಕ್ರವಾರ ಸಂಜೆ ಏಳಕ್ಕೆ ನಾವಿಬ್ಬರೂ ಅಲ್ಲಿರುತ್ತಿದ್ದೆವು. ಅಕ್ಟೋಬರಿನಿಂದ ನೀನಿಲ್ಲ.

ನಿನ್ನ ಅವ್ವ ಹೋದ ಮರುವರ್ಷ ಈ ಆಟವನ್ನು ನನಗೆ ಕಲಿಸಿದವಳು ನೀನೇ. ಆಗ ನಿನಗೆ ಹದಿನೈದು. ಮನೆಯಲ್ಲಿ ಇಬ್ಬರೇ, ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ದೇಶದೇಶದ ಸಾವಿರಾರು ಮಂದಿ ವೇಷ ಹಾಕಿಕೊಂಡು ಒಂದೇ ಲೋಕದಲ್ಲಿ ತಿರುಗುತ್ತಾರೆ ಎಂದು ತೋರಿಸಿದ್ದೆ. ಹೊಡೆಯುವ ಕೊಲ್ಲುವ ಆಟ ನಮಗೆ ಬೇಡ ಎಂದು ನಾನು ಹಟ ಹಿಡಿದೆ. ನೀನು ನಕ್ಕು, "ಹಂಗಾರ ಢಾಲ ಹಿಡಕೊಂಡು ಮುಂದ ನಿಂದರ್ರಿ. ಪೆಟ್ಟು ತಿನ್ನೂದಷ್ಟ ನಿಮ್ಮ ಕೆಲಸ. ನಿಮಗ ಆದ ಗಾಯ ನಾ ಮಾಯಸ್ತೀನಿ" ಎಂದಿದ್ದೆ. ಹನ್ನೊಂದು ವರ್ಷ ನಾನು ಢಾಲಿನವನು, ನೀನು ವೈದ್ಯೆ.

ಈಗ ಅಲ್ಲಿ ಏನೂ ಉಳಿದಿಲ್ಲ. ಆಗಾಗ ಎಕ್ಸ್‌ಪಾನ್ಶನ್ ಎಂದು ಹೊಸ ಭಾಗ ತರುತ್ತಾರೆ, ಹಳೆಯದೆಲ್ಲ ಕಸವಾಗುತ್ತದೆ. ಆಟದಲ್ಲಿನ ನಮ್ಮ ತಂಡ ಕುಂದಾ ಮಂಡಳದ ಮೂವತ್ನಾಲ್ಕು ಮಂದಿ ಏಳು ತಿಂಗಳು ಕಷ್ಟಪಟ್ಟು ನನಗೆ ಕಪ್ಪು ಢಾಲು ಗೆದ್ದುಕೊಟ್ಟದ್ದು ನಿನಗೆ ನೆನಪಿರಬೇಕು. ಹೊಸ ಭಾಗ ಬಂದ ಮೂರನೇ ದಿನ ರಸ್ತೆ ಬದಿಯ ಪೆಟ್ಟಿಗೆಯಲ್ಲಿ ಅದಕ್ಕಿಂತ ಗಟ್ಟಿ ಢಾಲು ಸುಮ್ಮನೆ ಸಿಕ್ಕಿತು. ನಾನು ಫೌಂಡ್ರಿಯಲ್ಲಿ ಎರಕಕ್ಕೆ ಮರದ ಅಚ್ಚು ಕೆತ್ತುವವನು. ನೀನು ಹುಟ್ಟಿದ ವರ್ಷ ಕೆತ್ತಿದ ಪಂಪಿನ ಅಚ್ಚು ಇವತ್ತಿಗೂ ನಡೆಯುತ್ತಿದೆ. ಮಾಡಿದ್ದನ್ನು ಮಾಡಿದವರೇ ಹೀಗೆ ಅಗ್ಗ ಮಾಡುವುದು ನನಗೆ ಅರ್ಥವಾಗುವುದಿಲ್ಲ.

ಮಂಡಳದಲ್ಲಿ ಈಗ ಮೂವರು: ಸದಾಶಿವನಗರದ ನಿಖಿತಾ, ಬ್ಯಾಂಕಿನ ಗುರುಪುತ್ರಪ್ಪ, ಮತ್ತು ನಾನು.

ನೀನು ಯಾಕೆ ಬರುತ್ತಿಲ್ಲ? ಆಟದ ಬಗ್ಗೆ ಮಾತ್ರ ಕೇಳುತ್ತಿದ್ದೇನೆ.

ನಿನ್ನ ತಂದೆ
ಮಹಾವೀರ

*

ಖಾನಾಪುರ
೨೦ ಫೆಬ್ರುವರಿ ೨೦೨೪

ತೀರ್ಥರೂಪರಾದ ತಂದೆಯವರಿಗೆ ಸುಹಾಸಿನಿಯ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತು. ಉತ್ತರ ತಡವಾಯಿತು. ಶಾಲೆಯಲ್ಲಿ ಹತ್ತನೆಯವರಿಗೆ ಗಣಿತದ ಹೆಚ್ಚಿನ ತರಗತಿಗಳಿದ್ದವು.

ಆಟದ ಬಗ್ಗೆ ಮಾತ್ರ ಕೇಳಿದ್ದೀರಿ. ಆಟದ ಬಗ್ಗೆ ಮಾತ್ರ ಹೇಳುತ್ತೇನೆ.

ನನಗೆ ಸಾಕಾಯಿತು. ಎರಡನೇ ಭಾಗದಲ್ಲಿ ಕುದುರೆ ಕೊಟ್ಟರು, ಊರಿಂದೂರಿಗೆ ಮಾತಾಡುತ್ತ ನಡೆಯುವುದು ನಿಂತಿತು. ಮೂರನೆಯದರಲ್ಲಿ ಎಲ್ಲಿಂದ ಬೇಕಾದರೂ ಎಲ್ಲಿಗೆ ಬೇಕಾದರೂ ಹಾರುವ ಬಾಗಿಲು ಕೊಟ್ಟರು, ಕುದುರೆಯೂ ನಿಂತಿತು. ನಾಲ್ಕನೆಯದರಲ್ಲಿ, ಯಾರ ಸಹಾಯವೂ ಇಲ್ಲದೆ ಒಬ್ಬರೇ ಆಡಬಹುದು ಎಂದು ಯಂತ್ರದ ಜೊತೆಗಾರರನ್ನು ಕೊಟ್ಟರು. ಜನ ಬೇಸತ್ತು ಹೋಗುತ್ತಿದ್ದಾರೆ ಎಂದು ಕಂಪನಿಯವರಿಗೆ ಗೊತ್ತಾಗಿತ್ತು. ಬೇಸರ ಯಾಕೆ ಎಂದು ಮಾತ್ರ ಗೊತ್ತಾಗಲಿಲ್ಲ. ಜನರೇ ಬೇಡವಾಗುವ ಹಾಗೆ ಮಾಡಿದರು.

ಕಂಪ್ಯೂಟರನ್ನು ಶಾಲೆಗೆ ಕೊಟ್ಟುಬಿಟ್ಟೆ. ಮಂಗಳವಾರ ನನಗಾಗಿ ಕಾಯಬೇಡಿ.

ಆರೋಗ್ಯ ನೋಡಿಕೊಳ್ಳಿ. ಹೊತ್ತು ಮುಳುಗುವ ಮೊದಲು ಊಟ ಮಾಡುವುದನ್ನು ಫೌಂಡ್ರಿ ಕೆಲಸದ ನೆವದಲ್ಲಿ ಬಿಟ್ಟು ಉಪವಾಸ ಮಲಗಬೇಡಿ.

ಇತಿ,
ಸುಹಾಸಿನಿ

*

ಖಾಸಬಾಗ
೩ ಮಾರ್ಚ್ ೨೦೨೪

ಚಿ. ಸುಹಾಸಿನಿಗೆ ಆಶೀರ್ವಾದಗಳು.

ಕಂಪ್ಯೂಟರ್ ಕೊಟ್ಟದ್ದನ್ನು ಓದಿದೆ. ಶಾಲೆಗೆ ಕೊಟ್ಟದ್ದು ಒಳ್ಳೆಯದೇ.

ಒಂದು ಸುದ್ದಿ ಇದೆ, ಅದಕ್ಕೇ ಬೇಗ ಬರೆಯುತ್ತಿದ್ದೇನೆ. ಜೂನ್ ಇಪ್ಪತ್ತೈದಕ್ಕೆ ಐದನೇ ಭಾಗ ಬರುತ್ತದಂತೆ. ಹೊಸ ಖಂಡಕ್ಕೆ ಜಾಗ ಬೇಕಂತೆ, ಹಳೆಯ ಪ್ರದೇಶಗಳನ್ನು ತೆಗೆಯುತ್ತಾರೆ. ಪಟ್ಟಿಯಲ್ಲಿ ನಮ್ಮ ಗಿರಣಿ ಊರೂ ಇದೆ. ಅಲ್ಲಿನ ಬಾವಿ, ಮೂರು ಗಾಳಿಗಿರಣಿ, ನೀನು ಮೊದಲ ದಿನ ನನಗೆ ನಡೆಯುವುದನ್ನು ಕಲಿಸಿದ ಸೇತುವೆ, ಎಲ್ಲ ಹೋಗುತ್ತದೆ. ನಾನು ಗೋಡೆಗೆ ಹಾಯ್ದು ಹಾಯ್ದು ನಿಲ್ಲುತ್ತಿದ್ದೆ, ನೀನು ಬಾಜು ಕೂತು ನನ್ನ ಬೆರಳು ಹಿಡಿದು ಒತ್ತಿಸುತ್ತಿದ್ದೆ.

ನಿಖಿತಾ ಸಿಟ್ಟಿನಲ್ಲಿ ಕಂಪನಿಗೆ ಅರ್ಜಿ ಬರೆದಳು. ಇನ್ನೂರು ಮಂದಿ ಸಹಿ ಹಾಕಿದರು. "ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ" ಎಂದು ಉತ್ತರ ಬಂತು. ಅದನ್ನೂ ಯಂತ್ರವೇ ಬರೆದಿರಬೇಕು ಎಂದಳು. ಗುರುಪುತ್ರಪ್ಪ ಮಾತ್ರ, "ಹೋಗ್ಲಿ ಬಿಡ್ರಿ, ನಾವು ಎಲ್ಲಿ ನಿಂತ್ರೂ ಅದ ಊರಲ್ಲೇನ್ರಿ" ಎಂದು ಸಮಾಧಾನ ಹೇಳುತ್ತಾನೆ. ಅವನೂ ವಾರಕ್ಕೆ ಒಮ್ಮೆ ಬಂದರೆ ಹೆಚ್ಚು.

ನಾನು ಹೇಗೋ ಆಡುತ್ತೇನೆ. ನೀನಿಲ್ಲದ ಮೇಲೆ ಆ ಯಂತ್ರದ ವೈದ್ಯೆಯೇ ನನ್ನ ಹಿಂದೆ ಬರುತ್ತಾಳೆ. ಬಿಳಿ ಸೀರೆಯ ಹಾಗೆ ಏನೋ ಉಟ್ಟು ಕೈಯಲ್ಲಿ ದೀಪ ಹಿಡಿದಿರುತ್ತಾಳೆ. ಕೆಲಸದಲ್ಲಿ ಹೆಸರಿಡುವ ಹಾಗಿಲ್ಲ. ತಡ ಮಾಡುವುದಿಲ್ಲ, ತಪ್ಪುವುದಿಲ್ಲ, ಪೆಟ್ಟು ಬೀಳುವುದಕ್ಕೂ ಗಾಯ ಮಾಯುವುದಕ್ಕೂ ನಡುವೆ ಉಸಿರಾಡುವಷ್ಟೂ ಹೊತ್ತಿಲ್ಲ. ಆದರೆ ಒಬ್ಬನೇ ಹೋದರೆ ಢಾಲಿನವನೂ ಕತ್ತಿ ಬೀಸಲೇಬೇಕು; ಇಲ್ಲವಾದರೆ ಕಾಳಗ ಮುಗಿಯುವುದೇ ಇಲ್ಲ. ಹನ್ನೊಂದು ವರ್ಷ ಮಾಡದಿದ್ದ ಕೆಲಸವನ್ನು ಈಗ ಮಾಡುತ್ತಿದ್ದೇನೆ. ಸುಳ್ಳು ಪ್ರಾಣಿ ಎಂದು ಗೊತ್ತು, ಆದರೂ ಅದು ಬಿದ್ದಾಗ ಕಣ್ಣು ಮುಚ್ಚುತ್ತೇನೆ. ಮತ್ತೆ, ಎಲ್ಲ ಮುಗಿದ ಮೇಲೆ ಆಕೆ "ಅಪ್ಪಾಜಿ, ಊಟ ಆತೇನ್ರಿ" ಎಂದು ಕೇಳುವುದಿಲ್ಲ.

ಜೂನ್ ಇಪ್ಪತ್ತೈದು ಮಂಗಳವಾರವೇ ಬಿದ್ದಿದೆ. ಒಂದು ದಿನಕ್ಕೆ, ಎಲ್ಲಿಯಾದರೂ ಕಂಪ್ಯೂಟರ್ ಸಿಕ್ಕರೆ, ಬರುತ್ತೀಯಾ? ಆಡುವುದು ಬೇಡ. ಊರು ಹೋಗುವಾಗ ಜೊತೆಗೆ ನಿಂತರೆ ಸಾಕು.

ನಿನ್ನ ತಂದೆ
ಮಹಾವೀರ

*

ಖಾನಾಪುರ
೧೪ ಏಪ್ರಿಲ್ ೨೦೨೪

ಅಪ್ಪಾಜಿ,

ನಾನು ಬರುವುದಿಲ್ಲ.

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಆಟದ ಬಗ್ಗೆ ಮಾತ್ರ ಹೇಳುತ್ತೇನೆ ಎಂದು ಬರೆದಿದ್ದೆನಲ್ಲ, ಅದು ಖರೆ ಅಲ್ಲ. ನೀವು ಆ ಬಿಳಿ ಸೀರೆಯವಳ ಗುಣಗಾನ ಬರೆದು ಕಳಿಸಿದ ಮೇಲೆ ಹೇಳದೆ ಇರಲಾಗುತ್ತಿಲ್ಲ.

ಹೋದ ವರ್ಷ ಜೂನಿನಲ್ಲಿ ನಾನು ಬಸಿರೆಂದು ಗೊತ್ತಾಯಿತು. ನಿಮಗೆ ಹೇಳಬೇಕೆಂದು ಎಷ್ಟೋ ಮಂಗಳವಾರ ಗಿರಣಿಯ ಕೆಳಗೆ ನಿಂತು ಬೆರಳು ಕೀಲಿಗಳ ಮೇಲಿಟ್ಟೆ. ಮದುವೆಯ ಮಾತನ್ನೇ ನಾವು ಆಡಿರಲಿಲ್ಲ, ಇದನ್ನು ಹೇಗೆ ಆಡುವುದು? ಆಕಾಶ, "ನೀ ಬರದಬಿಡು. ಮಾವನೋರು ಸಿಟ್ಟಾಗಂಗಿಲ್ಲ, ನೋಡು" ಎನ್ನುತ್ತಿದ್ದರು. ಅವರೂ ಒಂದು ಕಾಲಕ್ಕೆ ನಮ್ಮ ಕುಂದಾ ಮಂಡಳದ ಬಿಲ್ಲುಗಾರರೇ. "ಆ ಖಾನಾಪುರದ ಹುಡುಗ ಭಾಳ ಸಂಭಾವಿತ" ಎಂದು ನೀವೇ ಹೊಗಳುತ್ತಿದ್ದಿರಿ. ಅದೇ ಹುಡುಗನನ್ನು ಲಗ್ನವಾಗುತ್ತೇನೆ ಎಂದ ದಿನ ಅವರು ನಿಮಗೆ ಬೇರೆ ಜಾತಿಯವರಾದರು. ನಿಮಗೆ ಮುಜುಗರವಾಗಬಾರದೆಂದು ಅವರು ಅಂದೇ ಆಟ ಬಿಟ್ಟರು. ನಿಮಗೆ ಅದು ಗೊತ್ತಾಯಿತೋ ಇಲ್ಲವೋ ತಿಳಿಯದು.

ಸೆಪ್ಟೆಂಬರಿನಲ್ಲಿ ನನಗೆ ಮೈ ಸರಿಯಿರಲಿಲ್ಲ. ಅದಕ್ಕೇ ತಡವಾಗಿ ಬರುತ್ತಿದ್ದೆ, ಅರ್ಧಕ್ಕೆ ಹೋಗುತ್ತಿದ್ದೆ. ಅಕ್ಟೋಬರ್ ಐದನೇ ತಾರೀಖು ಕೂಸು ಹೋಯಿತು. ಐದು ತಿಂಗಳು ತುಂಬಿತ್ತು.

ಹತ್ತನೇ ತಾರೀಖು ಮಂಗಳವಾರ. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಗಿತ್ತು. ಅತ್ತೆ ಬೇಡವೆಂದರೂ ಎದ್ದು ಕಂಪ್ಯೂಟರಿನ ಮುಂದೆ ಕೂತೆ. ನನಗೆ ನಮ್ಮ ಅಪ್ಪ ಬೇಕಿತ್ತು, ಬೇರೆ ಯಾರೂ ಬೇಕಿರಲಿಲ್ಲ. ನೀವು ಗಿರಣಿಯ ಕೆಳಗೆ ಇದ್ದಿರಿ. ನಾನು "ಅಪ್ಪಾಜಿ" ಎಂದು ಬರೆದೆ. ಅಷ್ಟೇ ಆಯಿತು, ಮುಂದಿನ ಮಾತು ಕೈಗೆ ಬರಲಿಲ್ಲ. ಹುಡುಕುತ್ತಿದ್ದೆ. ಅಷ್ಟರಲ್ಲಿ ನಿಮ್ಮ ಉತ್ತರ ಬಂತು. ಒಂದಕ್ಷರವೂ ಮರೆತಿಲ್ಲ. "ಇವತ್ತ ನೀ ಬರೂದು ಬ್ಯಾಡ, ಆರಾಮ ಮಾಡು. ನನಗ ಈಗ ಜೋಡಿ ಐತಿ."

ಬರೆದು ತಿರುಗಿದಿರಿ. ಆ ದೀಪದವಳು ನಿಮ್ಮ ಹಿಂದೆ ನಡೆದಳು. ಸೇತುವೆ ದಾಟಿ ಹೋಗುವವರೆಗೂ ನೋಡಿದೆ. ಮತ್ತೆ ಬರುತ್ತೀರೆಂದು ನಲವತ್ತು ನಿಮಿಷ ಕೂತೆ. ಆಮೇಲೆ ಅತ್ತೆ ಬಂದು ಏನೂ ಕೇಳದೆ ಕಂಪ್ಯೂಟರ್ ಆರಿಸಿ, ಕೈ ಹಿಡಿದು ಕರೆದುಕೊಂಡು ಹೋಗಿ ಮಲಗಿಸಿದರು.

ಆ ಊರನ್ನು ಅವರು ಜೂನಿನಲ್ಲಿ ತೆಗೆಯಲಿ, ಇವತ್ತೇ ತೆಗೆಯಲಿ. ನನಗೆ ಅದು ಅಕ್ಟೋಬರಿನಲ್ಲೇ ಹೋಯಿತು.

ಸುಹಾಸಿನಿ

*

ಖಾಸಬಾಗ
೧೨ ಮೇ ೨೦೨೪

ಸುಹಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಅದನ್ನು ಬಸದಿಗೂ ಒಯ್ದೆ, ಫೌಂಡ್ರಿಗೂ ಒಯ್ದೆ. ಉಳಿ ಹಿಡಿದು ಕೂತರೆ ಗೆರೆ ಕಾಣುತ್ತಿರಲಿಲ್ಲ. ಒಂದು ಅಚ್ಚು ಕೆಡಿಸಿದೆ. ಮೇಸ್ತ್ರಿ ಬೀರಣ್ಣ, "ಏನ್ರಿ ಮಹಾವೀರಣ್ಣ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದ. ನನ್ನ ಮೊಮ್ಮಗು ತೀರಿತು ಎಂದೆ. ಯಾವಾಗ ಎಂದ. ಏಳು ತಿಂಗಳಾಯಿತು ಎನ್ನಲಾಗದೆ ಕೆಟ್ಟ ಅಚ್ಚನ್ನು ಎತ್ತಿ ಬದಿಗಿಟ್ಟೆ.

ಆ ಸಂಜೆಯದನ್ನು ನಡೆದ ಹಾಗೆ ಹೇಳುತ್ತೇನೆ. ನೆವ ಹೇಳುತ್ತಿಲ್ಲ.

ಸೆಪ್ಟೆಂಬರಿನಿಂದ ನೀನು ತಡವಾಗಿ ಬರುತ್ತಿದ್ದೆ. ಬಂದರೂ ಮಾತು ಕಡಿಮೆ. ಮಗಳಿಗೆ ಆಟ ಸಾಕಾಗಿದೆ, ಅಪ್ಪ ಒಬ್ಬನೇ ಆಗುತ್ತಾನೆಂದು ಋಣಕ್ಕೆ ಬರುತ್ತಿದ್ದಾಳೆ ಎಂದುಕೊಂಡೆ. ನಿನಗೆ ಸಂಸಾರವಿದೆ, ನೌಕರಿಯಿದೆ, ಈ ಮುದುಕನನ್ನು ವಾರಕ್ಕೆ ಎರಡು ದಿನ ಯಾಕೆ ಹೊರಬೇಕು? ಆಗ ಆ ಯಂತ್ರದವಳು ಬಂದಳು. ಇನ್ನು ಮಗಳನ್ನು ಬಿಡಿಸಬಹುದು ಎನ್ನಿಸಿತು. ನನಗ ಜೋಡಿ ಐತಿ ಎಂದು ನಾನು ಬರೆದದ್ದು ನಿನ್ನ ಮೇಲಿನ ಭಾರ ಇಳಿಸಲು. ಹೌದು, ಆ ವಾರದೊಳಗೆ ಮುಗಿಸಿದರೆ ಒಂದು ಬಹುಮಾನವೂ ಇತ್ತು. ಅದರ ಆಸೆಯೂ ನನಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಸೇತುವೆ ದಾಟಿ ಒಮ್ಮೆ ತಿರುಗಿ ನೋಡಿದೆ. ನೀನು ಅಲ್ಲೇ ನಿಂತಿದ್ದೆ. ಏನೋ ಇದೆ ಎಂದು ನನಗೆ ಅನ್ನಿಸಿತು ಸುಹಾ. ಹೊಸಿಲಲ್ಲಿ ನೀನು ನಿಂತಿದ್ದಾಗಲೂ ಹಾಗೇ ಅನ್ನಿಸಿತ್ತು. ಎರಡು ಸಲವೂ ನಾನು ಮುಂದಕ್ಕೇ ಹೋದೆ.

ನಿನ್ನೆ ಖಾನಾಪುರದ ಬಸ್ ಹತ್ತಿ ಬಂದಿದ್ದೆ. ಯಾರಿಗೂ ಹೇಳಿರಲಿಲ್ಲ. ಆಕಾಶನ ಮೋಟರ್ ವೈಂಡಿಂಗ್ ಅಂಗಡಿ ಕೇಳಿಕೊಂಡು ನಿಮ್ಮ ಓಣಿಯ ತುದಿಗೆ ಬಂದು ನಿಂತೆ. ನೀನು ಮಾಳಿಗೆಯ ಮೇಲೆ ಸಂಡಿಗೆ ತಿರುವುತ್ತಿದ್ದೆ. ತೆಳ್ಳಗಾಗಿದ್ದೀ. ಬಾಜು ಮನೆಯ ಹೆಣ್ಣುಮಗಳು ಮರಾಠಿಯಲ್ಲಿ ಯಾರು ಬೇಕು ಎಂದು ಕೇಳಿದಳು. ಯಾರೂ ಇಲ್ಲ, ದಾರಿ ತಪ್ಪಿದೆ ಎಂದೆ. ಅದೇ ಬಸ್ಸಿಗೆ ಮರಳಿದೆ.

ಬಂದರೆ ಬಾಗಿಲು ತೆರೆಯುತ್ತೀಯಾ? ಬೇಡವೆಂದರೆ ಬೇಡ ಎಂದು ಬರೆ. ನಾನು ಅದಕ್ಕೆ ಲಾಯಕ್ಕೇ.

ಅಪ್ಪ

*

ಖಾನಾಪುರ
೫ ಜೂನ್ ೨೦೨೪

ಅಪ್ಪಾಜಿ,

ಹದಿನಾರನೇ ತಾರೀಖು ರವಿವಾರ ಬನ್ನಿ. ಆಕಾಶ ಬಸ್‌ಸ್ಟ್ಯಾಂಡಿಗೆ ಬರುತ್ತಾರೆ. ಗುರುತು ಸಿಗುವುದಿಲ್ಲವೆಂದು ಚಿಂತೆ ಬೇಡ, ಅವರಿಗೆ ನಿಮ್ಮ ಗುರುತು ಚೆನ್ನಾಗಿದೆ.

ಅತ್ತೆ ಗಂಗಾದೇವಿಯವರಿಗೆ ನೀವು ಗಡ್ಡೆ, ಉಳ್ಳಾಗಡ್ಡಿ ತಿನ್ನುವುದಿಲ್ಲ ಎಂದು ಹೇಳಿದ್ದೇನೆ. ಐದು ಗಂಟೆಗೇ ಊಟಕ್ಕೆ ಹಾಕುತ್ತಾರಂತೆ.

ಏನೂ ತರಬೇಡಿ.

ಸುಹಾಸಿನಿ

*

ಖಾಸಬಾಗ
೩೦ ಜೂನ್ ೨೦೨೪

ಸುಹಾ,

ಬಂದು ಹೋಗಿ ಎರಡು ವಾರವಾಯಿತು. ಏನು ಬರೆಯಬೇಕೆಂದು ಗೊತ್ತಾಗಲು ಇಷ್ಟು ದಿನ ಹಿಡಿಯಿತು.

ಆಕಾಶ ಬಸ್‌ಸ್ಟ್ಯಾಂಡಿನಲ್ಲಿ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನ ಅಂಗೈಯಲ್ಲಿ ತಂತಿ ಸುತ್ತಿ ಸುತ್ತಿ ಬಿದ್ದ ಗೆರೆಗಳಿವೆ. ಕೆಲಸದವನ ಕೈ. ಒಂದು ಕಾಲಕ್ಕೆ ಆ ಕೈಯನ್ನು ನೋಡದೆಯೇ ಹೊಗಳಿದ್ದೆ, ನೋಡಬಹುದಾಗಿದ್ದಾಗ ಹೊರಗೆ ನಿಲ್ಲಿಸಿದೆ. ನಿನ್ನ ಅತ್ತೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ, "ಬರ್ರಿ ಬೀಗರ, ಕುಂದರ್ರಿ, ಉಶೀರ ಆತಲ್ರಿ ಬರಾಕ" ಎಂದರು. ತಡವಾಯಿತು ಎಂದದ್ದು ಬಸ್ಸಿಗೋ ನನಗೋ ತಿಳಿಯಲಿಲ್ಲ. ಹೌದ್ರಿ, ಭಾಳ ಉಶೀರ ಆತು ಎಂದೆ.

ನೀನು ನೀರು ತಂದಿಟ್ಟೆ. ಎದುರಿಗೆ ಕೂತೆ. ಆಮೇಲೆ ಮೂರು ತಾಸು ಆಕಾಶ ಮಾತಾಡಿದ, ಅವನ ತಾಯಿ ಮಾತಾಡಿದರು, ನಾನು ಹೂಂ ಅಂದೆ. ಆಟವಿಲ್ಲದೆ ನಮಗೆ ಮಾತೇ ಇಲ್ಲ ಎನ್ನಿಸಿತು. ಏನಾದರೂ ಅನ್ನಬೇಕೆಂದು, ಅನ್ನಬಾರದ್ದನ್ನೇ ಅಂದೆ. "ಮುಂದಿನ ವಾರ ನಮ್ಮ ಗಿರಣಿ ಊರ ತಗೀತಾರವಾ" ಎಂದೆ. ನೀನು ಎದ್ದು ಒಳಗೆ ಹೋದೆ. ಊಟ ಬಡಿಸಲು ಬಂದೆ, ಮತ್ತೆ ಹೋದೆ. ಹೊರಡುವಾಗ ಬಾಗಿಲಲ್ಲಿ "ಬರ್ತೀನವಾ" ಎಂದರೆ ತಲೆಯಾಡಿಸಿದೆ.

ಬಸ್ಸು ದೇಸೂರು ದಾಟುವಾಗ ನನಗೆ ಹೊಳೆಯಿತು. ಮೂರು ತಾಸಿನಲ್ಲಿ ನೀನು ಒಂದು ಮಾತೂ ಆಡಿರಲಿಲ್ಲ. ನೀರು ಬೇಕೇ ಎಂದು ಕೇಳಲಿಲ್ಲ. ಅಪ್ಪಾಜಿ ಎನ್ನಲಿಲ್ಲ. ನಿನ್ನ ದನಿ ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಹೇಳಿದ್ದನ್ನು ನೀನು ನಡೆಸಿದ್ದೆ. ಬಸ್ಸಿನಲ್ಲಿ ಮಂದಿಯ ನಡುವೆ ಬಾಯಿಗೆ ಟವೆಲ್ ಹಿಡಿದುಕೊಂಡೆ. ಪಕ್ಕದವರು ಕಿಟಕಿ ತೆಗೆದು ಗಾಳಿ ಮಾಡಿಕೊಟ್ಟರು.

ಇಪ್ಪತ್ತೈದಕ್ಕೆ ಆಟದೊಳಗೆ ಹೋದೆ. ನಿಖಿತಾ, ಗುರುಪುತ್ರಪ್ಪ ಬಂದಿದ್ದರು. ಗುರುತಿಲ್ಲದ ಇನ್ನೂ ಇಪ್ಪತ್ತು ಮೂವತ್ತು ಮಂದಿ, ಯಾವ ಯಾವ ದೇಶದವರೋ, ಗಿರಣಿಯ ಕೆಳಗೆ ಸುಮ್ಮನೆ ಕೂತಿದ್ದರು. ಎಷ್ಟು ಮಂದಿಗೆ ಅದು ಊರಾಗಿತ್ತು ನೋಡು. ಕಂಪನಿಯವರು ಮೇಲೆ ಅಂಕಿ ಎಣಿಸುತ್ತಿದ್ದರು. ಸೊನ್ನೆಯಾದಾಗ ಬೆಂಕಿಯೋ ನೀರೋ ಬರುತ್ತದೆ ಎಂದುಕೊಂಡಿದ್ದೆ. ಏನೂ ಬರಲಿಲ್ಲ. ಕಣ್ಣು ಮುಚ್ಚಿ ತೆರೆದ ಹಾಗೆ, ಹೊಸ ಪಟ್ಟಣದ ಅಂಗಡಿ ಸಾಲಿನಲ್ಲಿ ನಿಂತಿದ್ದೆವು. ಎಲ್ಲೆಲ್ಲೂ ಮಾರುವ ಸಾಮಾನು. ಆ ದೀಪದವಳು ನನ್ನ ಬಾಜು ನಿಂತು ಮುಂದೆ ಎಲ್ಲಿಗೆ ಎಂದು ಕೇಳಿದಳು. ನಾನು ಕಂಪ್ಯೂಟರ್ ಆರಿಸಿದೆ. ಮತ್ತೆ ಹಚ್ಚಿಲ್ಲ. ಹಚ್ಚುವುದೂ ಇಲ್ಲ.

ಊರು ಹೋದದ್ದಕ್ಕೆ ದುಃಖವಾಗಬೇಕಿತ್ತು. ಆಗಲಿಲ್ಲ. ನಿನ್ನ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೆ.

ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಇಲ್ಲಿ ಬರೆದು ಕೊಡುತ್ತಿದ್ದೇನೆ. ಫೋನ್ ಮಾಡು. ಯಾವ ಹೊತ್ತಿಗಾದರೂ ಮಾಡು.

ಅಪ್ಪ

*

ಖಾನಾಪುರ
೨೫ ಆಗಸ್ಟ್ ೨೦೨೪

ಅಪ್ಪಾಜಿ,

ನಿಮ್ಮ ಪತ್ರ ಬಂದಾಗಿನಿಂದ ಫೋನು ಎಷ್ಟೋ ಸಲ ಕೈಗೆ ತೆಗೆದುಕೊಂಡೆ. ನಿಮ್ಮ ನಂಬರ್ ಬಾಯಿಪಾಠವಿದೆ. ಒತ್ತಲಾಗಲಿಲ್ಲ. ನೀವು ಆ ಮಾತನ್ನು ಮಂದಿಯ ಮುಂದೆ, ನನ್ನ ಮುಖ ನೋಡಿ, ಬಾಯಿಂದ ಆಡಿದ್ದಿರಿ. ಕಾಗದದ ಮೇಲೆ ಅದು ಅಳಿಯುವುದಿಲ್ಲ. ನಿಮ್ಮನ್ನು ಶಿಕ್ಷಿಸಬೇಕೆಂದು ಹೀಗೆ ಬರೆಯುತ್ತಿಲ್ಲ. ನನ್ನ ಗಂಟಲು ಕೇಳುತ್ತಿಲ್ಲ, ಅಷ್ಟೇ. ಹದಿನಾರನೇ ತಾರೀಖು ನಾನು ಹಟದಿಂದ ಸುಮ್ಮನಿದ್ದೆ ಎಂದು ನೀವು ತಿಳಿದಿದ್ದರೆ ಅದು ಪೂರ್ತಿ ಖರೆ ಅಲ್ಲ. ಬೆಳಿಗ್ಗೆ ಎದ್ದಾಗ ಮಾತಾಡಬೇಕೆಂದೇ ಇದ್ದೆ. ನೀವು ಓಣಿಯಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳಿದೊಡನೆ ಎಲ್ಲ ಕಟ್ಟಿಕೊಂಡಿತು.

ಗಿರಣಿ ಊರಿನ ಮಾತಿಗೆ ಸಿಟ್ಟು ಬಂದು ಎದ್ದು ಹೋದೆ ಎಂದುಕೊಂಡಿದ್ದೀರಿ. ಸಿಟ್ಟಲ್ಲ. "ನಮ್ಮ" ಗಿರಣಿ ಊರು ಎಂದಿರಿ. ಅದಕ್ಕೆ. ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಗಂಗಾದೇವಿಯವರು ಬಂದು, "ಮಾತಾಡಬಾರದೇನವಾ, ಮುದುಕ ಮನಶ್ಯಾ ಬಂದು ಕುಂತಾನ" ಎಂದರು. ಮಾತಾಡಕ ಬರವಲ್ದ್ರಿ ಅತ್ತಿ ಎಂದೆ. ಅವರು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತರು.

ಇಪ್ಪತ್ತೈದರ ಸಂಜೆ ಏಳು ಗಂಟೆಗೆ ನಾನೂ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋಗಿದ್ದೆ. ಬೀಗ ತೆಗೆದು ಕೂತೆ. ಒಳಗೆ ಬರಲಿಲ್ಲ. ಏಳೂವರೆಗೆ ಬೀಗ ಹಾಕಿ ಮನೆಗೆ ಬಂದೆ. ಇದನ್ನು ನಿಮಗೆ ಹೇಳಬಾರದೆಂದಿದ್ದೆ.

ಗಣೇಶ ಹಬ್ಬ ಮುಗಿದ ಮೇಲೆ ಮಳೆ ನಿಲ್ಲುತ್ತದೆ. ಆಗ ಇನ್ನೊಮ್ಮೆ ಬನ್ನಿ. ಈ ಸಲ ಮನೆಯಲ್ಲಿ ಕೂಡುವುದು ಬೇಡ. ನಮ್ಮ ಹೊಲದ ಬದುವಿನಲ್ಲಿ, ಮಲಪ್ರಭೆಯ ಕಡೆಗೆ, ಒಂದು ಜಾಗವಿದೆ. ಇವರಲ್ಲಿ ಎಳೆ ಕೂಸುಗಳನ್ನು ಹೂಳುತ್ತಾರೆ. ಆಕಾಶ ಒಬ್ಬರೇ ಒಯ್ದು ಮಣ್ಣು ಮಾಡಿ ಬಂದರು. ನಾನು ಒಂದು ತಿಂಗಳ ಮೇಲೆ ಹೋದೆ. ಮೇಲೊಂದು ಕಲ್ಲು ಬಿಟ್ಟರೆ ಗುರುತೇನೂ ಇಲ್ಲ, ತೋರಿಸದೆ ಯಾರಿಗೂ ತಿಳಿಯುವುದಿಲ್ಲ. ನಾನು ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ನೀವು ಹೇಳಬೇಕಾದದ್ದನ್ನು ಬಾಯಿಂದ ಹೇಳಿ. ಆಗ ನನ್ನ ಗಂಟಲು ಬಿಟ್ಟರೆ ನಾನೂ ಮಾತಾಡುತ್ತೇನೆ. ಬಿಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಮತ್ತೊಮ್ಮೆ ಬನ್ನಿ.

ಹೆಣ್ಣು ಕೂಸು, ಅಪ್ಪಾಜಿ. ಅಂಗೈಯಷ್ಟೇ ಇತ್ತು. ನರ್ಸ್ ಬಟ್ಟೆ ಸರಿಸಿ ಒಮ್ಮೆ ತೋರಿಸಿದಳು. ಕೈಬೆರಳು ನಿಮ್ಮವು. ಉದ್ದುದ್ದ, ತುದಿಯಲ್ಲಿ ಸ್ವಲ್ಪ ಬಾಗಿದ್ದವು. ಆಕಾಶನಿಗೂ ಅದನ್ನು ನಾನು ಹೇಳಿಲ್ಲ.

ನಿಮ್ಮ
ಸುಹಾ